ಕೆಂಪು ದಾರದ ಸಕ್ಕರೆ ಸರ

ಎಲ್ಲದಕ್ಕೂ ಮೂಲ ಬಕ್ಕಪ್ಪನ ಎಡ ಮೊಣಕಾಲು. ನಲವತ್ತು ವರ್ಷ ನಾರಾಯಣಪುರದ ಎರೆಹೊಲದಲ್ಲಿ ಚಕಾರವೆತ್ತದೆ ದುಡಿದ ಆ ಮೊಣಕಾಲು, ಈ ಸಲ ತೊಗರಿ ರಾಶಿ ಮುಗಿದ ಮರುದಿನದಿಂದ ಎಣ್ಣೆ ಕಾಣದ ಬಂಡಿಯ ಗಾಲಿಯಂತೆ ಕಿರುಗುಟ್ಟತೊಡಗಿತ್ತು. ಕೂತವನನ್ನು ಏಳಲು ಬಿಡದು, ಎದ್ದವನನ್ನು ಕೂರಲು ಬಿಡದು. ಬಸವಕಲ್ಯಾಣದ ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ಹೊಟ್ಟೆ ಉರಿಯಿತೇ ಹೊರತು ಮೊಣಕಾಲಿಗೆ ಸುದ್ದಿಯೇ ಮುಟ್ಟಲಿಲ್ಲ. ಹೆಂಡತಿ ಸುಂದರಬಾಯಿ ಎಕ್ಕೆಯ ಎಲೆಗೆ ಎಣ್ಣೆ ಸವರಿ, ಕಾಸಿ ಕಟ್ಟಿದಳು. ಅವನು ನರಳುವುದನ್ನು ಕೇಳಿ ಕೇಳಿ ಹಿತ್ತಿಲ ಎಮ್ಮೆಯೂ ಅದೇ ರಾಗದಲ್ಲಿ ಒದರುವುದನ್ನು ಕಲಿಯಿತು.

ಕೊನೆಗೆ ದಾರಿ ತೋರಿದವನು ಪಕ್ಕದ ಹೊಲದ ನರಸಿಂಗ.

“ನನ್ನ ಸೊಂಟ ಮರತೀ ಏನು? ಹ್ವಾದ ವರ್ಷ ಬಾಗಿದಾಂವ ಬಾಗಿದಂಗ ಇದ್ದೆ. ಈಗ ನೋಡು,” ಎಂದು ಅವನು ಬದುವಿನ ಮೇಲೆ ನಿಂತು ಎರಡು ಸಲ ಬಾಗಿ ಎದ್ದು ತೋರಿಸಿದ. ಆಮೇಲೆ ರುಮಾಲಿನ ಮಡಿಕೆಯಿಂದ ಹಳೆಯ ಪೇಪರಿನ ಪೊಟ್ಟಣವೊಂದನ್ನು ತೆಗೆದ. “ಭಂಗಿ ಸೊಪ್ಪು. ಒಂದು ಹಿಡಿ ಸುದ್ದಾ ಇಲ್ಲ. ನಶಾ ಅಂತ ತಿಳೀಬ್ಯಾಡ, ದವಾ ಅಂತ ತಿಳಿ. ಖರೆ, ಕಹಿ ಅದ. ಸಕ್ಕರ್ಯಾಗ ಕೂಡಿಸಿ ತಿನ್ನು.”

ಪೊಟ್ಟಣ ತಂದದ್ದೇನೋ ಸರಿ. ಮನೆಯಲ್ಲಿ ಸುಂದರಬಾಯಿ ಇದ್ದಳಲ್ಲ. ಅವಳ ಅಣ್ಣ ಹರೆಯದಲ್ಲಿ ಚಿಲುಮೆಯ ರುಚಿ ಹತ್ತಿಸಿಕೊಂಡು ಬೈರಾಗಿಗಳ ಹಿಂದೆ ಹೋದವನು ಇನ್ನೂ ಬಂದಿರಲಿಲ್ಲ. ಅವಳ ಮುಂದೆ ಆ ಸೊಪ್ಪಿನ ಹೆಸರೆತ್ತುವುದೂ ಒಂದೇ, ಹುತ್ತಕ್ಕೆ ಕೈಯಿಡುವುದೂ ಒಂದೇ. ಅವಳ ಮೂಗೋ, ಮೂರು ಮನೆ ಆಚೆ ಒಗ್ಗರಣೆ ಸೀದರೆ ಇಲ್ಲಿಂದಲೇ ಯಾರ ಮನೆಯದೆಂದು ಹೇಳುವಂಥದು.

ಅದಲ್ಲದೆ ಮಗಳು ಪೂನಂಳ ಮದುವೆಯ ಮಾತು ನಡೆದಿತ್ತು. ಹುಡುಗ ಹುಮನಾಬಾದಿನ ಓಂಪ್ರಕಾಶರ ಮಗ ಗುರುನಾಥ. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಹುಡುಗನ ತಾಯಿ ರತ್ನಮಾಲಾ ಒಪ್ಪಿ ಸೀರೆಯ ಬಣ್ಣವನ್ನೂ ಮನಸ್ಸಿನಲ್ಲಿಟ್ಟಿದ್ದಳು. ಒಪ್ಪದೆ ಉಳಿದವಳು ಹುಡುಗನ ಅಜ್ಜಿ ಮಾಣಿಕಮ್ಮ ಒಬ್ಬಳೇ. “ಹುಡುಗಿ ಕುಳ್ಳಿ, ಹುಡುಗಿ ಅಪ್ಪ ಬಾಯಿ ಇಲ್ಲದಾಂವ,” ಎಂದು ಹೇಳಿದ ಎಂಬತ್ತರ ಆ ಮುದುಕಿ ಮೂರು ತಿಂಗಳಿಂದ ಹೂಂ ಅಂದಿರಲಿಲ್ಲ. ಅವಳು ಹೂಂ ಅನ್ನದೆ ಆ ಮನೆಯಲ್ಲಿ ಹಾಲು ಕೂಡ ಉಕ್ಕುತ್ತಿರಲಿಲ್ಲ. ಇನ್ನು ಓಂಪ್ರಕಾಶರು ಅಬಕಾರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಜಮಾದಾರರಾಗಿದ್ದು ನಿವೃತ್ತರಾದವರು. ಅಮಲಿನ ಪದಾರ್ಥ ಯಾವುದೇ ಇರಲಿ, ಗೋಣಿಚೀಲದ ಹೊರಗಿನಿಂದಲೇ ಮೂಸಿ ಹೇಳುತ್ತಿದ್ದರೆಂದು ಅವರ ಕೀರ್ತಿ.

ಹೀಗಿರುವಾಗ ಬಕ್ಕಪ್ಪನಿಗೆ ಹೊಳೆದದ್ದು ಸಕ್ಕರೆ ಸರ. ಈ ಸೀಮೆಯಲ್ಲಿ ಪಾಡವಾ, ಅಂದರೆ ಯುಗಾದಿ, ಬಂತೆಂದರೆ ಮನೆಮನೆಗೂ ಸಕ್ಕರೆ ಸರ ಬರಬೇಕು. ಗಟ್ಟಿ ಪಾಕವನ್ನು ದಾರವಿಟ್ಟ ಮರದ ಅಚ್ಚಿಗೆ ಹೊಯ್ದು ಆರಲು ಬಿಟ್ಟರೆ, ಬಿಲ್ಲೆಬಿಲ್ಲೆಯಾಗಿ ಮಾಲೆಯೇ ಎದ್ದು ಬರುತ್ತದೆ. ಬಕ್ಕಪ್ಪನ ತಾಯಿ ಇದ್ದಾಗ ಇಡೀ ಓಣಿಗೆ ಅವಳ ಕೈಯದೇ ಸರ. ಅವಳ ಸಾಗವಾನಿಯ ಅಚ್ಚುಗಳು ಇನ್ನೂ ಅಟ್ಟದ ಮೇಲಿದ್ದವು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಸುಂದರಬಾಯಿ, ಪೂನಂ ಬಳೆ ತರಲು ಕಲ್ಯಾಣದ ಬಜಾರಿಗೆ ಹೋದದ್ದೇ ತಡ, ಬಕ್ಕಪ್ಪ ಕುಂಟುತ್ತ ಅಟ್ಟ ಹತ್ತಿದ.

ಮೊದಲ ಪಾಕ ಸೀದು ಕಲ್ಲಾಯಿತು. ಎರಡನೆಯದು ಅಂಟಾಗಿ, ಸೌಟು, ಪಾತ್ರೆ, ಬಕ್ಕಪ್ಪನ ಮೀಸೆ ಮೂರನ್ನೂ ಒಂದೇ ಕುಟುಂಬ ಮಾಡಿತು. ಸೊಪ್ಪು ಬಿದ್ದದ್ದು ಮೂರನೆಯದಕ್ಕೆ. ಪಾಕ ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿದ್ದು ನೋಡಿ ಹೆದರಿದ ಅವನು, ಹೆಂಡತಿ ತಂದಿಟ್ಟಿದ್ದ ಗುಲಾಬಿ ಬಣ್ಣವನ್ನು ಒಂದಕ್ಕೆ ಮೂರರಷ್ಟು ಸುರಿದ. ವಾಸನೆ ಮುಚ್ಚಲು ಮನೆಯಲ್ಲಿದ್ದ ಯಾಲಕ್ಕಿಯೆಲ್ಲ ಹೋಯಿತು. ಕೊನೆಗೆ ಏಳು ಬಿಲ್ಲೆಯ ಪುಟ್ಟ ಸರವೊಂದು ಎದ್ದಿತು. ಯಾರು ನೋಡಿದರೂ ಬಜಾರಿನ ಸರವೆನ್ನಬೇಕು.

ಸುಂದರಬಾಯಿ ಮನೆಗೆಂದು ಮಾಡುವ ಸರಕ್ಕೆ ಬಿಳಿ ದಾರ. ಅದರೊಳಗೆ ತನ್ನದು ಕಲೆಯಬಾರದೆಂದು ಬಕ್ಕಪ್ಪ ದೇವರ ಮಾಡದಲ್ಲಿದ್ದ ಕೆಂಪು ದಾರ ಹಾಕಿದ್ದ. ಇಷ್ಟು ಜಾಣತನ ತನ್ನಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಒಂದು ಬಿಲ್ಲೆ ಮುರಿದು ಬಾಯಿಗೆ ಹಾಕಿಕೊಳ್ಳೋಣವೆನಿಸಿತು. ಆದರೆ ಅವು ಅವ್ವನ ಅಚ್ಚು. ಹಬ್ಬದ ಸಿಹಿಯನ್ನು ದೇವರಿಗೆ ತೋರಿಸದೆ ಮುಟ್ಟಿದರೆ ಅವಳು ಸೌಟಿನಿಂದಲೇ ಹೊಡೆಯುತ್ತಿದ್ದಳು. ಪಾಡವಾದ ದಿನ ತಿಂದರಾಯಿತೆಂದು ಸರವನ್ನು ಹಾಳೆಯಲ್ಲಿ ಸುತ್ತಿ ಕಡಲೆಬೇಳೆ ಡಬ್ಬಿಯ ತಳದಲ್ಲಿ ಹುಗಿದಿಟ್ಟ. ಪಾಡವಾಕ್ಕೆ ಹೋಳಿಗೆ ಮಾಡುತ್ತಾರೆ, ಹೋಳಿಗೆಗೆ ಕಡಲೆಬೇಳೆ ಬೇಕು ಎಂಬ ಮಾತು, ಪ್ರತಿ ವರ್ಷ ಎಂಟು ಹೋಳಿಗೆ ತಿನ್ನುವ ಅವನ ತಲೆಗೆ ಬರಲಿಲ್ಲ.

ಪಾಡವಾದ ಬೆಳಿಗ್ಗೆ ಅವನು ಎಮ್ಮೆ ತೊಳೆದು ಒಳಗೆ ಬಂದಾಗ ಸುಂದರಬಾಯಿ ಹೂರಣ ರುಬ್ಬುತ್ತಿದ್ದಳು. ಕಣ್ಣು ಒದ್ದೆಯಾಗಿದ್ದವು.

“ಏನ್ರಿ, ಎಷ್ಟು ಗುಟ್ಟು ಮಾಡೀರಿ. ಬೇಳಿ ಡಬ್ಬ್ಯಾಗ ಸಿಕ್ತು.”

ಬಕ್ಕಪ್ಪನ ಕೈಯಲ್ಲಿದ್ದ ಬಕೆಟ್ಟು ತಾನಾಗಿ ನೆಲಕ್ಕಿಳಿಯಿತು. “ಏನು ಸಿಕ್ತು?”

“ಕೆಂಪು ದಾರದ ಸರ. ಮಗಳ ಸಲುವಾಗಿ ಅಡಗಿ ಮನಿ ಹೊಕ್ಕು, ಆ ಹಾಳು ಮೊಣಕಾಲಿಟ್ಕೊಂಡು, ನನಗೊಂದು ಮಾತು ಹೇಳಲಾರದಂಗ ಮಾಡೀರಲ್ಲ. ಮೂವತ್ತು ವರ್ಷದಾಗ ಇವತ್ತ ಮೊದಲ ಸಲ ನಿಮ್ಮ ಮ್ಯಾಲ ಪ್ರೀತಿ-ಮಾಯಾ ಬಂತು ನೋಡ್ರಿ.”

“ಈಗ ಎಲ್ಲದ ಅದು?”

“ಎಲ್ಲಿರ್ತದ? ಪಕ್ಕದ ಮನಿ ದಿಲೀಪ ನಸುಕಿನ ಬಸ್ಸಿಗೆ ಹುಮನಾಬಾದಕ್ಕ ಹೊಂಟಿದ್ದ. ಬೀಗರ ಮನಿಗಿ ಮುಟ್ಟಿಸು ಅಂತ ಕೊಟ್ಟು ಕಳಿಸಿದೆ.”

“ಬೀಗರ ಮನಿಗಿ ಯಾಕ?”

ಸುಂದರಬಾಯಿ ಒರಳಿನಿಂದ ಕೈಯೆತ್ತಿ ಗಂಡನನ್ನು ನೋಡಿದಳು. “ಮತ್ತ ಕೆಂಪು ದಾರದ್ದು ಮನ್ಯಾಗ ಇಟ್ಕೋತಾರೇನ್ರಿ? ಮನಿಗೆ ಬಿಳಿ ದಾರ, ಬೀಗರು ಬಿಜ್ಜರಿಗೆ ಕಳಸಾಕ ಕೆಂಪು ದಾರ. ಹುಟ್ಟಿದಾಗಿಂದ ನೋಡಿಲ್ಲೇನು?”

ಅವನು ಹುಟ್ಟಿದಾಗಿನಿಂದ ಸರದ ಸಕ್ಕರೆ ನೋಡಿದ್ದನೇ ಹೊರತು ದಾರ ನೋಡಿರಲಿಲ್ಲ. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದ. ಹೂರಣದ ಕೈಯಲ್ಲೇ ಕಣ್ಣೊರೆಸಿಕೊಂಡು ನಗುತ್ತಿದ್ದ ಹೆಂಡತಿಯ ಮುಖ ನೋಡಿ ಮತ್ತೆ ಮುಚ್ಚಿದ. ಹಿತ್ತಿಲಿಗೆ ಹೋಗಿ, ಎಮ್ಮೆಯ ಮರೆಯಲ್ಲಿ ನಿಂತು, ಓಂಪ್ರಕಾಶರಿಗೆ ಫೋನು ಹಚ್ಚಿದ.

“ಬಂತ್ರಿ ಬೀಗರ, ನಿಮ್ಮ ಸರ ಬಂತು,” ಎಂದಿತು ಆ ಕಡೆಯ ಗಡಸು ದನಿ. “ಮಾಳಿಗಿ ಮ್ಯಾಲ ಗಳಾ ನಿಲ್ಲಿಸಿ ಗುಡಿನೂ ಏರಿಸಿದ್ವಿ. ಸಂಜಿಗೆ ಗುಡಿ ಇಳಿಸಿ, ಸರ ಬಿಚ್ಚಿ, ಓಣಿ ಹುಡುಗರಿಗೆಲ್ಲ ಹಂಚತೀವಿ. ನಮ್ಮ ಮನ್ಯಾಗ ಅದೊಂದು ಪದ್ಧತಿ.”

ಬಕ್ಕಪ್ಪ ಅಲ್ಲಿಂದಲೇ ಹುಮನಾಬಾದಿನ ದಿಕ್ಕಿಗೆ ನೋಡಿದ. ಅಬಕಾರಿ ಜಮಾದಾರರ ಮನೆಯ ಮಾಳಿಗೆಯ ಮೇಲೆ, ಊರಿಗೆಲ್ಲ ಕಾಣುವಂತೆ, ಬಿದಿರುಗಳುವಿನ ತುದಿಯಲ್ಲಿ ತನ್ನ ಭಂಗಿ ಸರ ತೂಗುತ್ತಿದೆ. ಮದುವೆ ಮುರಿಯುವುದು, ಜೇಲಿಗೆ ಹೋಗುವುದು ಹಾಗಿರಲಿ; ಓಣಿಯ ಎಳೆಯ ಮಕ್ಕಳ ಬಾಯಿಗೆ ಅದು ಬಿದ್ದರೆ ತನ್ನ ಅವ್ವನ ಅಚ್ಚಿಗೆ ಯಾವ ಗತಿ? ಹೊತ್ತು ಮುಳುಗುವುದರೊಳಗೆ ಸರ ಇಳಿಸಲೇಬೇಕು.

ಹಬ್ಬದ ದಿನದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ, ನಿಲ್ಲಲು ಅವನಿಗೆ ಮೊಣಕಾಲೂ ಇರಲಿಲ್ಲ. ಎದುರು ಮನೆಯ ಅಂಬಾದಾಸನ ಬಳಿ ಮೋಟರ್ ಸೈಕಲ್ ಇತ್ತು. ಅಂಬಾದಾಸನೆಂದರೆ ಒಳ್ಳೆಯ ಮನುಷ್ಯ. ಆದರೆ ಯಾರ ಮಾತೇ ಇರಲಿ, ಅದಕ್ಕೆ ತನ್ನದೊಂದು ಚೂರು ಸೇರಿಸದೆ ಕೆಳಗಿಡುವವನಲ್ಲ.

“ಬೀಗರ ಮನಿಗಿ? ಇವತ್ತ? ಕರೀಲಾರದಂಗ?” ಅಂಬಾದಾಸ ಆಗಲೇ ಕಿಕ್ ಹೊಡೆಯುತ್ತಿದ್ದ. “ಹೇಳಬ್ಯಾಡ ಅಣ್ಣಾ, ತಿಳೀತು. ಮುದುಕಿ ಒಲ್ಲೆ ಅಂದಾಳ.”

“ಹಂಗೇನಿಲ್ಲ.”

“ಮನಸ್ಸಿಗೆ ಹಚ್ಕೋಬ್ಯಾಡ. ಪೂನಂಗ ಏನು ಕಮ್ಮಿ? ನಾ ಒಂದು ಮಾತಾಡ್ತೀನಿ, ನೀ ಸುಮ್ಮ ಕೂಡು.”

ಕಲ್ಯಾಣ ದಾಟಿ ಹೆದ್ದಾರಿಯ ಬಂಗ್ಲಾ ಕ್ರಾಸ್ ತಲುಪುವಷ್ಟರಲ್ಲಿ ಅಂಬಾದಾಸ ಹಿಂದೆ ತಿರುಗಿ ತಿರುಗಿ ಸಮಾಧಾನ ಹೇಳಿದ. ಬಂಗ್ಲಾದಲ್ಲಿ ಚಹಾಕ್ಕೆ ನಿಲ್ಲಿಸಿ ಚಹಾದವನಿಗೂ ಹೇಳಿದ. ಚಹಾದವನು ತನ್ನ ಷಡ್ಡಕನ ಮಗಳಿಗೂ ಹೀಗೆಯೇ ಆಗಿ, ಆಮೇಲೆ ಸೋಲಾಪುರದ ಕಡೆ ಒಳ್ಳೆಯ ಗಂಡು ಸಿಕ್ಕಿದ ಕತೆ ಹೇಳಿ, ಬಕ್ಕಪ್ಪನ ಬೆನ್ನು ಸವರಿ, ಇನ್ನೊಂದು ಅರ್ಧ ಕಪ್ಪು ಕೊಟ್ಟ. ರಾಜೇಶ್ವರದ ಬಳಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದಾಗ ಬಕ್ಕಪ್ಪ ಸೂರ್ಯನನ್ನೇ ನೋಡುತ್ತ ಕೂತ. ಅದು ನೆತ್ತಿಯ ಕಡೆಗೆ ಆರಾಮಾಗಿ ಏರುತ್ತಿತ್ತು.

ಹುಮನಾಬಾದಿನ ಆ ಓಣಿಗೆ ತಿರುಗಿದೊಡನೆ ಕಂಡದ್ದೇ ಗುಡಿ. ಮಾಳಿಗೆಯ ಮೇಲೆ ಎತ್ತರದ ಗಳು, ಅದಕ್ಕೆ ಹಸಿರು ಖಣ, ಬೇವಿನ ಟೊಂಗೆ, ಮೇಲೆ ಬೋರಲು ಹಾಕಿದ ತಂಬಿಗೆ. ಅದರ ಕೊರಳಲ್ಲಿ ಗುಲಾಬಿ ಬಣ್ಣದ ಸಕ್ಕರೆ ಸರ. ಬಿಸಿಲಿಗೆ ಅದರ ಕೆಂಪು ದಾರ ಕಣ್ಣಿಗೆ ಹೊಡೆಯುವಂತೆ ಕಂಡಿತು.

ಅಂಗಳದ ಬೇವಿನ ಗಿಡದ ನೆರಳಲ್ಲಿ ಮಂಚದ ಮೇಲೆ ಮಾಣಿಕಮ್ಮ ಕೂತಿದ್ದಳು. ಬಕ್ಕಪ್ಪ ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ.

“ಬಾ ನನ್ನಪ್ಪ, ಬಾ,” ಎಂದಳು ಮುದುಕಿ. “ಎಷ್ಟು ದೂರಿಂದ ಬಂದಿ. ನಿನ್ನ ಮೀಸಿ ಎಷ್ಟು ಚಂದ ಅದ. ಹ್ವಾದ ಸಲ ನೋಡೇ ಇಲ್ಲ ನಾ.”

ಬಕ್ಕಪ್ಪ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಅಂಬಾದಾಸನಿಗೆ ಮೀಸೆಯಿರಲಿಲ್ಲ.

“ಆರಾಮ ಅದೀರೇನ್ರಿ ಆಯಿ?”

“ಆರಾಮಂದ್ರ ಎಂಥಾ ಆರಾಮ. ಈ ಬೇವಿನ ಗಿಡ ನೋಡು, ಮುಂಜಾನಿಂದ ನನಗ ಕೈ ಮಾಡಿ ಕರ್ಯಾಕತ್ತದ.” ಅವಳು ಗಿಡಕ್ಕೆ ತಿರುಗಿ ಕೈ ಮಾಡಿ ನಕ್ಕಳು.

ಹಬ್ಬದ ಖುಷಿ, ಜೊತೆಗೆ ವಯಸ್ಸು ಎಂದುಕೊಂಡ ಬಕ್ಕಪ್ಪ. ಅವಳ ಕೊರಳಲ್ಲೊಂದು ಕೆಂಪು ದಾರವಿತ್ತು. ದೃಷ್ಟಿಗೋ ಕತ್ತು ನೋವಿಗೋ ಕಟ್ಟಿರಬೇಕು. ಒಳಗಿನಿಂದ ರತ್ನಮಾಲಾ ಸೆರಗು ಸರಿ ಮಾಡಿಕೊಳ್ಳುತ್ತ ಬಂದಳು. ಓಂಪ್ರಕಾಶರು ಮೊಸರು ತರಲು ಹೋಗಿದ್ದರು.

“ಕೂಡ್ರಿ ಅಣ್ಣಾರ, ಈಗ ಹೋಳಿಗಿ ಇಳಸ್ತೀನಿ.”

“ಮೊದಲ ಮ್ಯಾಲ ಹೋಗಿ ಗುಡಿಗೆ ಕೈ ಮುಗದು ಬರ್ತೀನ್ರಿ ಅಕ್ಕಾರ.” ಅಂಬಾದಾಸನಿಗೆ ಕಣ್ಸನ್ನೆ ಮಾಡಿ, “ನೀ ಇಲ್ಲೇ ಮಾತಾಡ್ಕೋತ ಕೂಡು” ಎಂದ. ಅದು ಅಂಬಾದಾಸನಿಗೆ ಹೇಳಬೇಕಾದ ಮಾತೇ ಆಗಿರಲಿಲ್ಲ.

ಹದಿನೆಂಟು ಮೆಟ್ಟಿಲು. ಒಂದೊಂದಕ್ಕೂ ಮೊಣಕಾಲು ಒಂದೊಂದು ತಕರಾರು ಹೇಳಿತು. ಮೇಲೆ ಹೋಗಿ, ಗುಡಿಗೆ ನಿಜವಾಗಿಯೂ ಕೈ ಮುಗಿದು, ತಪ್ಪಾಯಿತೆಂದು ಬೇಡಿಕೊಂಡು, ಗಳುವನ್ನು ಮೆಲ್ಲಗೆ ವಾಲಿಸಿದ. ಸರ ಬಿಡಿಸಿ ಜುಬ್ಬದ ಜೇಬಿಗೆ ಹಾಕಬೇಕು, ಇಳಿದು ಹೋಗಬೇಕು, ಕಾಗೆ ಒಯ್ದಿತೆಂದು ಹೇಳಬೇಕು: ದಾರಿಯುದ್ದಕ್ಕೂ ಅವನು ಹಾಕಿದ ಹಂಚಿಕೆ ಅದು.

ಪಕ್ಕದ ಮಾಳಿಗೆಯಲ್ಲಿ ಶಾವಿಗೆ ಒಣಹಾಕುತ್ತಿದ್ದ ಹೆಂಗಸು ಕೋಲು ಹಿಡಿದು ಎದ್ದು ನಿಂತದ್ದನ್ನು ಅವನು ನೋಡಲಿಲ್ಲ.

“ರತ್ನಮಾಲಾ ಅಕ್ಕ, ಜಲ್ದಿ ಬರ್ರಿ. ಮುದುಕನೊಬ್ಬ ನಿಮ್ಮ ಗುಡಿ ಬಿಚ್ಚಾಕತ್ತಾನ.”

ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದಾಯಿತು. ಜೇಬಿನಲ್ಲಿಟ್ಟರೆ ಕಳ್ಳನಾಗುತ್ತಾನೆ, ಕೈಯಲ್ಲಿಟ್ಟರೆ ಓಂಪ್ರಕಾಶರ ಮೂಗಿಗೆ ಸಿಗುತ್ತಾನೆ. ಉಳಿದ ಜಾಗ ಒಂದೇ. ಬಕ್ಕಪ್ಪ ದಾರದಿಂದ ಎರಡು ಬಿಲ್ಲೆ ಕಚ್ಚಿ ಬಾಯೊಳಗೆ ತುಂಬಿಕೊಂಡ. ಅಷ್ಟರಲ್ಲಿ ಕಣಕದ ಕೈಯ ರತ್ನಮಾಲಾ, ಅವಳ ಹಿಂದೆ ಅಂಬಾದಾಸ, ಅವನ ಹಿಂದೆ ಮೊಸರಿನ ಗಡಿಗೆ ಹಿಡಿದ ಓಂಪ್ರಕಾಶರು ಮೇಲೆ ಬಂದು ನಿಂತರು.

“ಬೀಗರ,” ಎಂದರು ಓಂಪ್ರಕಾಶರು ನಿಧಾನವಾಗಿ. ಕಳ್ಳಭಟ್ಟಿಯ ಎದುರು ನಿಂತಾಗ ಬಳಸುತ್ತಿದ್ದ ದನಿ ಅದು. “ಏನು ಮಾಡಾಕತ್ತೀರಿ?”

ಬಾಯಲ್ಲಿ ಎರಡು ಬಿಲ್ಲೆಯಿದ್ದುದರಿಂದ ಸುಳ್ಳು ಹೇಳಲೂ ಜಾಗವಿರಲಿಲ್ಲ. ಬಕ್ಕಪ್ಪ ಒಂದನ್ನು ಈ ಕೆನ್ನೆಗೆ, ಇನ್ನೊಂದನ್ನು ಆ ಕೆನ್ನೆಗೆ ತಳ್ಳಿದ.

“ಪದ್ಧತಿ ಅದ್ರಿ.”

“ಎಂಥಾ ಪದ್ಧತಿ?”

“ನಮ್ಮ ಕಲ್ಯಾಣದ ಕಡೆ. ಮೊದಲನೇ ಪಾಡವಾಕ್ಕ ಹೆಣ್ಣಿನ ಅಪ್ಪ ಬಂದು ಗಂಡಿನ ಮನಿ ಗುಡಿ ಸರ ತಿನ್ನಬೇಕು. ಪೂರ್ತಿ. ಯಾರಿಗೂ ಒಂದು ಚೂರೂ ಕೊಡಬಾರದು.”

“ಕಲ್ಯಾಣ ಇಲ್ಲಿಂದ ಒಂದು ತಾಸಿನ ಹಾದಿ. ಅಲ್ಲಿ ಆರು ವರ್ಷ ಡ್ಯೂಟಿ ಮಾಡೀನಿ. ಇಂಥಾದ್ದು ಕೇಳಿಲ್ಲ ನಾ.”

ಮಾತು ಅಲ್ಲಿಗೇ ನಿಲ್ಲುವುದನ್ನು ತಾಳಲಾರದವನು ಅಂಬಾದಾಸ.

“ಖರೆ ಅದ್ರಿ,” ಎಂದ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. “ಅದೂ ನಿಂತ ತಿನ್ನಬೇಕು. ಕೂಡಂಗಿಲ್ಲ. ನೀರು ಕುಡಿಯಂಗಿಲ್ಲ. ನಮ್ಮ ಕಾಕಾ ತಿಂದಿದ್ದಾಗ ನಾನೇ ಬಾಜೂಕ ಇದ್ದೆ.”

ಬಕ್ಕಪ್ಪ ಅವನನ್ನು ನೋಡಿದ ನೋಟಕ್ಕೆ ಹಸಿ ಕಬ್ಬೂ ಹೊತ್ತಿಕೊಳ್ಳಬೇಕಿತ್ತು.

ರತ್ನಮಾಲಾ ಪದ್ಧತಿಯ ಹೆಣ್ಣುಮಗಳು. ಗಂಡನ ಮನೆಯಲ್ಲಿಲ್ಲದ ಈ ಗುಡಿಯನ್ನೂ ಅವಳೇ ತನ್ನ ತವರು ಭಾಲ್ಕಿಯಿಂದ ತಂದು ಇಪ್ಪತ್ತೆಂಟು ವರ್ಷದಿಂದ ನಡೆಸಿಕೊಂಡು ಬಂದವಳು. ಅವಳು ಕೈ ತೊಳೆದುಕೊಂಡು ಬಂದು ಕೈ ಮುಗಿದಳು. “ಮೊದಲೇ ಒಂದು ಮಾತು ಹೇಳಬಾರದೇನ್ರಿ ಅಣ್ಣಾರ? ನಮ್ಮಿಂದ ಪದ್ಧತಿ ತಪ್ಪತಿತ್ತಲ್ಲ.” ಶಾವಿಗೆಯ ಹೆಂಗಸು ಕೋಲು ಬಿಟ್ಟು ಈಚೆಗೆ ಬಂದಳು. ಬರುವಾಗ ಇನ್ನಿಬ್ಬರನ್ನು ಕರೆತಂದಳು. ಅರಿಶಿನ ಕುಂಕುಮದ ಬಟ್ಟಲು ಬಂತು. ಬಕ್ಕಪ್ಪನ ಹಣೆಗೆ ಕುಂಕುಮವಿಟ್ಟು, ನಡುಬಿಸಿಲಲ್ಲಿ ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿ, ಸುತ್ತ ಎಲ್ಲರೂ ನಿಂತರು.

ಒಂದು ರೀತಿಯಲ್ಲಿ ಇದೂ ಒಳ್ಳೆಯದೇ ಆಯಿತೆಂದುಕೊಂಡ ಬಕ್ಕಪ್ಪ. ತಾನೊಬ್ಬ ತಿಂದು ಬಿದ್ದರೆ ಬಿದ್ದ. ಓಣಿಯ ಮಕ್ಕಳು ಉಳಿದವು. ಮೂರನೆಯ ಬಿಲ್ಲೆ ಬಾಯಿಗೆ ಹಾಕಿದ. ಹೆದರಿಕೆಗೆ ನಾಲಿಗೆ ಒಣಗಿ ತೊಗಲಾಗಿತ್ತು, ರುಚಿ ಎಲ್ಲಿಂದ ಬರಬೇಕು. ನಾಲ್ಕನೆಯದಕ್ಕೆ ಕಿವಿ ಬಿಸಿಯಾದವು. ಐದನೆಯದಕ್ಕೆ ಎದುರಿನ ನೀರಿನ ಟಾಕಿ ಸ್ವಲ್ಪ ಎಡಕ್ಕೆ ಸರಿದಂತೆ ಕಂಡಿತು. ಆರನೆಯದು ಮುಗಿಯುವಾಗ ಮೊಣಕಾಲಿನ ನೋವು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ನರಸಿಂಗ ಹೇಳಿದ್ದು ಸುಳ್ಳಲ್ಲ, ದವಾ ಅಂದರೆ ದವಾ ಎಂದುಕೊಂಡು ಏಳನೆಯದನ್ನು ಕಟುಂ ಎಂದು ಕಡಿದ. ಮುಗಿಯಿತು. ಏಳೇ ಏಳು ಮಾಡಿದ್ದು.

ಕೈ ನೋಡಿಕೊಂಡ. ದಾರದಲ್ಲಿ ಇನ್ನೂ ಬಿಲ್ಲೆಗಳಿದ್ದವು.

ತಪ್ಪು ಎಣಿಸಿರಬೇಕೆಂದು ಇನ್ನೊಂದು ತಿಂದ. ಎಂಟು. ಕಣ್ಣುಜ್ಜಿಕೊಂಡು ಉಳಿದವನ್ನು ಎಣಿಸಿದ. ಐದು. ಮತ್ತೊಮ್ಮೆ ಎಣಿಸಿದ. ಆಗಲೂ ಐದು.

ಏಳು ಮಾಡಿದ್ದೆ, ಎಂಟು ತಿಂದೆ, ಐದು ಉಳಿದಾವ. ಬಕ್ಕಪ್ಪನಿಗೆ ಇನ್ನು ಸಂಶಯ ಉಳಿಯಲಿಲ್ಲ. ಏರಿದೆ. ಚೆನ್ನಾಗಿಯೇ ಏರಿದೆ. ಇಲ್ಲದ್ದು ಕಾಣತೊಡಗಿದೆ. ಅವನ ಕಣ್ಣಿಂದ ನೀರು ಇಳಿಯಿತು.

“ಎಷ್ಟು ಭಕ್ತಿ ನೋಡ್ರಿ,” ಎಂದಳು ಶಾವಿಗೆಯವಳು.

ಓಂಪ್ರಕಾಶರು ಮಾತ್ರ ಮುಂದೆ ಬಂದು ತೋಳು ಹಿಡಿದರು. “ಸಾಕು ನಡೀರಿ ಬೀಗರ. ಬಿಸಲಾಗ ಬೀಳ್ತೀರಿ. ಉಳದದ್ದು ನೆರಳಾಗ ತಿಂದ್ರ ದೇವರು ಬ್ಯಾಡ ಅನ್ನಂಗಿಲ್ಲ.” ಕೆಳಗೆ ಕರೆದೊಯ್ದು, ಪಡಸಾಲೆಯ ಪಕ್ಕದ ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿದರು. “ಈಗ ಹೇಳ್ರಿ. ನನ್ನ ಸರ್ವಿಸ್ಸಿನಾಗ ಭಾಳ ಮಂದಿ ನೋಡೀನಿ. ನಿಮ್ಮ ಮಾರಿ ಪದ್ಧತಿ ಮಾಡಾಂವನ ಮಾರಿ ಅಲ್ಲ.”

ಬಕ್ಕಪ್ಪ ಎರಡೂ ಕೈ ಮುಂದೆ ಚಾಚಿದ. “ಹಿಡೀರಿ ನನ್ನ.”

“ಯಾಕ?”

“ಅದು ಭಂಗಿ ಸರ ಅದ್ರಿ ಬೀಗರ. ಮೊಣಕಾಲು ನೋವಿಗಿ ಅಂತ ಮಾಡಿದ್ದೆ. ನನ್ನ ಹೆಂಡತಿಗೆ ತಿಳೀಲಿಲ್ಲ, ಕೆಂಪು ದಾರ ನೋಡಿ ನಿಮಗ ಕಳಿಸಿಬಿಟ್ಟಳು. ಸಂಜಿಗೆ ಹುಡುಗರು ತಿಂತಾವ ಅಂದ್ರಿ, ಅದಕ್ಕ ಓಡಿ ಬಂದೆ. ಈಗ ನನಗ ಪೂರ್ತಿ ಏರೇದ. ಏಳು ಬಿಲ್ಲಿ ಹದಿಮೂರು ಕಾಣಾಕತ್ತಾವ. ನನ್ನ ಏನರೆ ಮಾಡ್ರಿ. ಪೂನಂಗ ಇದರಾಗ ಏನೂ ಗೊತ್ತಿಲ್ಲ. ಆಕಿ ಲಗ್ನ ಮುರೀಬ್ಯಾಡ್ರಿ.”

ಓಂಪ್ರಕಾಶರು ಅವನ ಕೈಯಿಂದ ಸರ ತೆಗೆದುಕೊಂಡರು. ಒಂದು ಬಿಲ್ಲೆ ಮುರಿದು ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡು ಅಗಿದರು.

“ಇದರಾಗ ಸಕ್ಕರಿ ಬಿಟ್ಟು ಏನೂ ಇಲ್ಲ.”

“ಇಲ್ಲಾ?”

“ಇದು ನಿಮ್ಮ ಸರಾನೇ ಅಲ್ಲ. ಭಾಲ್ಕಿಯಿಂದ ನನ್ನ ಹೆಂಡತಿ ತಮ್ಮ ಕಳಿಸಿದ್ದು. ಗುಡಿಗೆ ಹಾಕೋದು ಆಕಿ ತವರ ಮನಿ ಸರಾನೇ. ಕೆಂಪು ದಾರ ನಿಮ್ಮೊಬ್ಬರದ್ದೇನು? ಬೀಗರು ಬಿಜ್ಜರಿಂದ ಬರೋದಕ್ಕೆಲ್ಲಾ ಕೆಂಪು ದಾರಾನೇ ಇರ್ತದ. ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?”

ಒಂದೇ ದಿನದಲ್ಲಿ ಎರಡನೆಯ ಸಲ ಬಕ್ಕಪ್ಪ ಆ ಮಾತು ಕೇಳಿದ. ಏರಿದ್ದೆಲ್ಲ ಸರ್ರನೆ ಇಳಿಯಿತು. ಇಳಿದದ್ದೇ ತಡ, ಮೊಣಕಾಲು ತಾನೆಲ್ಲಿಗೂ ಹೋಗಿರಲಿಲ್ಲವೆಂದು ಕಿರ್ ಎಂದಿತು. ಬರೀ ಸಕ್ಕರೆ ತಿಂದು, ಕೇಳದಿದ್ದ ತಪ್ಪನ್ನೆಲ್ಲ ಅಬಕಾರಿ ಜಮಾದಾರರ ಮುಂದೆ ತಾನೇ ಒಪ್ಪಿಕೊಂಡು ಕೂತಿದ್ದ.

“ಮತ್ತ ನಮ್ಮ ಸರ ಎಲ್ಲದ್ರಿ?”

“ಹೊಸ ಬೀಗರ ಸರ ಮನಿ ಹಿರೀಕರಿಗಿ ಸಲ್ಲಬೇಕು. ಮುಂಜಾನಿ ಬಂದ ಕೂಡಲೇ ನಮ್ಮವ್ವನ ಕೊರಳಾಗ...”

ಓಂಪ್ರಕಾಶರು ಮಾತು ಅಲ್ಲಿಗೇ ಬಿಟ್ಟರು. ಇಬ್ಬರೂ ಒಟ್ಟಿಗೆ ಎದ್ದು ಕಿಟಕಿಯಿಂದ ಅಂಗಳ ನೋಡಿದರು. ಮಾಣಿಕಮ್ಮ ಬೇವಿನ ಗಿಡಕ್ಕೆ ಏನೋ ಕತೆ ಹೇಳುತ್ತಿದ್ದಳು. ಕೊರಳಲ್ಲಿ ಕೆಂಪು ದಾರ. ಬರೀ ದಾರ.

ಹೊರಗೆ ಬಂದ ಮಗನನ್ನು ಕಂಡು ಅವಳು ಕೈ ಬೀಸಿದಳು. “ಓಂಪ್ಯಾ, ಬಾ ಇಲ್ಲಿ. ನಿನ್ನ ನೋಡಿ ಎಷ್ಟು ವರ್ಷ ಆಯ್ತು.”

“ಅವ್ವಾ, ಕೊರಳಾಗಿನ ಸರ ಏನಾತು?”

“ನಾಲ್ಕು ತಿಂದೆ. ಮೂರು ಸಂಚ್ಯಾಗ ಇಟ್ಟೀನಿ.” ಅವಳು ಸೊಂಟದ ಎಲೆಯಡಿಕೆ ಸಂಚಿಯನ್ನು ಒತ್ತಿ ಹಿಡಿದಳು. “ಯಾರಿಗೂ ಕೊಡಂಗಿಲ್ಲ. ಈಗ ಕ್ಯಾಲೆಂಡರ್ ತಾ. ಅಕ್ಷಯ ತದಿಗಿಗೆ ಲಗ್ನ ಇಡು.”

ಒಳಗಿನಿಂದ ಬಂದ ರತ್ನಮಾಲಾಳ ಕೈಯ ತಟ್ಟೆ ಗಾಳಿಯಲ್ಲೇ ನಿಂತಿತು. “ಯಾರ ಲಗ್ನಾ ಅತ್ತಿ?”

“ಗುರುನಾಥಂದು, ಪೂನಂದು. ಮತ್ತ್ಯಾರದು?”

“ಹುಡುಗಿ ಕುಳ್ಳಿ ಅಂತಿದ್ರಿ.”

“ಎತ್ತರಾಗಿ ಏನು ಮುಗಿಲು ಒರಸಬೇಕಾಗೇದೇನು? ಬಂಗಾರದಂಥಾ ಹುಡುಗಿ. ಅವರಪ್ಪನ ಕೈಗುಣ ನೋಡು. ಹನ್ನೆರಡು ವರ್ಷದಿಂದ ಎತ್ತಲಾರದ ಕೈ ಎತ್ತಿ ಗಿಡಕ್ಕ ಮಾತಾಡಸಾಕತ್ತೀನಿ.” ಮುದುಕಿ ಬಕ್ಕಪ್ಪನ ಕಡೆ ತಿರುಗಿದಳು. “ಖರೆ ಒಂದು ಮಾತು ತಮ್ಮಾ. ತಿಂಗಳಾ ಇಂಥಾದ್ದೊಂದು ಸರ ಬರಬೇಕು. ನೀನೇ ಮಾಡಬೇಕು, ನೀನೇ ತಂದು ನನ್ನ ಕೊರಳಾಗ ಹಾಕಬೇಕು. ಅದು ತಪ್ಪಿತಂದ್ರ ನನ್ನ ಹೂಂನೂ ತಪ್ಪಿತು ಅಂತ ತಿಳಿ.”

ರತ್ನಮಾಲಾ ಸಂಶಯದಿಂದ ಕೇಳಿದಳು: “ಕಲ್ಯಾಣದ ಕಡೆ ಹಂಗೂ ಪದ್ಧತಿ ಅದ ಏನ್ರಿ ಅಣ್ಣಾರ?”

“ಅದ್ರಿ,” ಎಂದ ಅಂಬಾದಾಸ, ಹೋಳಿಗೆಯ ತುತ್ತು ಕೆಳಗಿಳಿಸಿ. “ಅಮಾಸಿಗೊಮ್ಮೆ. ಹೆಣ್ಣಿನ ಅಪ್ಪ ಜೀವ ಇರೋತನಕ.”

ಹೊರಡುವಾಗ ಓಂಪ್ರಕಾಶರು ಬಾಗಿಲವರೆಗೆ ಬಂದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಬೀಗರ, ಇಪ್ಪತ್ತೆಂಟು ವರ್ಷದಾಗ ಇವತ್ತ ನಮ್ಮವ್ವ ನನ್ನ ಹೆಂಡತಿಗೆ ಒಂದೂ ಬೈದಿಲ್ಲ. ಸೊಪ್ಪು ಎಲ್ಲಿಂದ ತಂದ್ರಿ ಅಂತ ನಾ ಕೇಳಂಗಿಲ್ಲ. ಕೇಳಿದ್ರ ಗೊತ್ತಾಗ್ತದ, ಗೊತ್ತಾದ್ರ ಹಿಡೀಬೇಕಾಗ್ತದ. ನಾ ರಿಟಾಯರ್ ಆಗೀನಿ, ನನ್ನ ಮೂಗು ಆಗಿಲ್ಲ.” ಅಂಗಳದ ಮಂಚದ ಕಡೆ ನೋಡಿ ಸೇರಿಸಿದರು. “ಖರೆ ಅಕೀಗಿ ಬೀಪಿ ಅದ. ಸೊಪ್ಪು ಬರೇ ಹೆಸರಿಗಿರಲಿ.”

ಬಕ್ಕಪ್ಪ ಕೊನೆಯ ಪ್ರಯತ್ನವೆಂದು ಮಂಚದ ಬಳಿ ನಿಂತ. “ಆಯಿ, ನನ್ನ ಮೊಣಕಾಲು ಭಾಳ ನೂಸ್ತದ. ಸಂಚ್ಯಾಗಿನ ಮೂರರಾಗ ಒಂದು ಕೊಟ್ರ...”

“ನಿನಗ್ಯಾಕ? ನೀ ಮನ್ಯಾಗ ಮಾಡ್ಕೋತೀದಿ,” ಎಂದಳು ಮಾಣಿಕಮ್ಮ, ಪ್ರೀತಿಯಿಂದಲೇ.

ಮನೆಯಲ್ಲಿ ಸೊಪ್ಪಿನ ಒಂದು ಎಲೆಯೂ ಉಳಿದಿರಲಿಲ್ಲ. ಮೋಟರ್ ಸೈಕಲ್ಲಿನ ಹಿಂದೆ ಕಾಲು ಚಾಚಿ ಕೂರುವಾಗ ಫೋನು ಬಡಿಯಿತು. ಸುಂದರಬಾಯಿ. ರತ್ನಮಾಲಾ ಆಗಲೇ ಸುದ್ದಿ ಮುಟ್ಟಿಸಿದ್ದಳು. “ನಿಮ್ಮ ಸರದಿಂದಾನೇ ಮುದುಕಿ ಹೂಂ ಅಂದಳಂತಲ್ರಿ. ಇನ್ನ ಮ್ಯಾಲ ತಿಂಗಳಾ ನಾ ನಿಮ್ಮ ಬಾಜೂಕ ಕೂತು ಪಾಕ ತಿರವತೀನಿ. ನೀವೊಬ್ಬರೇ ಕಷ್ಟ ಪಡಬ್ಯಾಡ್ರಿ,” ಎಂದಳು ಆ ಮೂಗಿನ ಹೆಣ್ಣುಮಗಳು, ಸಂತೋಷದಿಂದ.

ರಾಜೇಶ್ವರ ದಾಟುವವರೆಗೆ ಅಂಬಾದಾಸ, ಅವನ ಬದುಕಿನಲ್ಲೇ ಮೊದಲ ಬಾರಿಗೆ, ಏನೋ ಯೋಚಿಸುತ್ತ ಸುಮ್ಮನಿದ್ದ. ಆಮೇಲೆ ವೇಗ ಇಳಿಸಿ ಹಿಂದೆ ತಿರುಗಿದ.

“ಅಣ್ಣಾ, ಒಂದು ಕೇಳ್ತೀನಿ. ಆ ಪದ್ಧತಿ ನಮ್ಮ ಕಡೆ ಖರೇನೇ ಅದ ಏನು?”

ಬಕ್ಕಪ್ಪ ಮೊಣಕಾಲು ನೀವಿಕೊಂಡ.

“ಇವತ್ತ ಮುಂಜಾನಿತನಕ ಇರಲಿಲ್ಲ,” ಎಂದ.